ತಾರ್ಲೆ ರಾಶಿ ಮತ್ತು 800 ಕೋಟಿ ಜನ

ಜನಸಂಖ್ಯೆ ಮಾತು ಬಂದ ಕೂಡ್ಲೇ ಎಲ್ರೂ ಯಾರ ಮನೇಲಿ ಎಷ್ಟು ಮಕ್ಕಳು ಅನ್ನೋ ಲೆಕ್ಕಕ್ಕೇ ಇಳೀತಾರೆ. 1974ರಲ್ಲಿ 400 ಕೋಟಿ ಇದ್ದ ಪ್ರಪಂಚದ ಜನ 2022ರ ನವೆಂಬರಲ್ಲಿ 800 ಕೋಟಿ ಆದ್ರು, ಅದು ನಿಜ. ಆದ್ರೆ 1960ರ ದಶಕದಲ್ಲಿ ವರ್ಷಕ್ಕೆ ಶೇ. 2ರಷ್ಟು ಬೆಳೀತಿದ್ದದ್ದು ಈಗ ಶೇ. 1ಕ್ಕಿಂತ ಕೆಳಗೆ ಬಂದಿದೆ. ಜನಸಂಖ್ಯೆ ಇದ್ದಷ್ಟೇ ಇರೋಕೆ ಒಬ್ಬ ಹೆಂಗಸಿಗೆ ಸರಾಸರಿ 2.1 ಮಕ್ಕಳು ಬೇಕು, ಕರ್ನಾಟಕದಲ್ಲಿ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಇರೋದು 1.7. ಶಿರಸಿ, ಸಿದ್ದಾಪುರ ಕಡೆ ಹಳ್ಳಿಗೆ ಹೋದ್ರೆ ಅಪ್ಪ-ಅಮ್ಮ ಇಬ್ರೇ ಇರೋ ಮನೆಗಳು ಎಷ್ಟು ಬೇಕಾದ್ರೂ ಸಿಗ್ತವೆ.

ಹಂಗಿದ್ರೂ ಸಮುದ್ರದ ಮೇಲಿನ ಒತ್ತಡ ಯಾಕೆ ಕಡಿಮೆ ಆಗ್ತಿಲ್ಲ?

ಮೀನಿನ ಲೆಕ್ಕ ನೋಡಿ. 1961ರಲ್ಲಿ ಪ್ರಪಂಚದಲ್ಲಿ ಸುಮಾರು 300 ಕೋಟಿ ಜನ, ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ 9 ಕೆಜಿ ಮೀನು. ಈಗ 800 ಕೋಟಿ ಜನ, ತಲಾ 20 ಕೆಜಿ ಮೇಲೆ. ಜನ ಎರಡೂವರೆ ಪಟ್ಟು ಆದ್ರು, ತಿನ್ನೋದೂ ಎರಡು ಪಟ್ಟು ದಾಟ್ತು, ಎರಡನ್ನೂ ಗುಣಿಸಿದ್ರೆ ಆರು ಪಟ್ಟಿನ ಹತ್ರ ಹೋಗತ್ತೆ. ಆದ್ರೆ ಸಮುದ್ರದಿಂದ ಹಿಡಿಯೋ ಮೀನು 1980ರ ದಶಕದ ಕೊನೆಯಿಂದ ಹೆಚ್ಚುಕಮ್ಮಿ 8 ಕೋಟಿ ಟನ್ನಿಗೇ ನಿಂತುಬಿಟ್ಟಿದೆ, ಬೋಟ್ ದೊಡ್ಡದಾಯ್ತು, ಜಿಪಿಎಸ್ ಬಂತು, ಮೀನಿನ ಗುಂಪು ಎಲ್ಲಿದೆ ಅಂತ ತೋರ್ಸೋ ಮಷಿನ್ ಬಂತು, ಆದ್ರೂ ಸಮುದ್ರದ ಮೀನು ಜಾಸ್ತಿ ಬರ್ಲಿಲ್ಲ, ಆಮೇಲೆ ಹೆಚ್ಚಾದದ್ದು ಬಹುಪಾಲು ಸಾಕಿದ ಮೀನು.

ಕಾರವಾರದ ಬೈತಖೋಲ್ ಬಂದರಲ್ಲಿ ಬೋಟ್ ಬಂದಾಗ ಹೋಗಿ ನಿಂತು ನೋಡಿ. ದೊಡ್ಡ ಮೀನು ಆರಿಸಿ ಐಸ್ ಹಾಕಿ ಬೇರೆ ಇಡ್ತಾರೆ, ಪಕ್ಕದಲ್ಲಿ ಬೆರಳುದ್ದದ ತಾರ್ಲೆ (ಬೂತಾಯಿ ಮೀನು), ಮರಿ ಬಂಗಡೆ, ಹೆಸರೇ ಇಲ್ಲದ ಚಿಕ್ಕ ಮೀನು ಎಲ್ಲ ಸೇರಿ ಒಂದೇ ರಾಶಿ. ತಾರ್ಲೆ ಬದುಕೋದೇ ಎರಡು-ಎರಡೂವರೆ ವರ್ಷ, ಸುಮಾರು 15 ಸೆಂಟಿಮೀಟರ್ ಬೆಳೆದ ಮೇಲೆ ಮೊಟ್ಟೆ ಇಡತ್ತೆ. ಬೆರಳುದ್ದ ಇರುವಾಗ್ಲೇ ಹಿಡಿದ್ರೆ ಅದು ಒಂದು ಸಲಾನೂ ಮೊಟ್ಟೆ ಇಟ್ಟಿರಲ್ಲ. ಇಂಥ ಮೀನು ತುಂಬಾನೇ ಮಂಗಳೂರು, ಉಡುಪಿ ಕಡೆ ಫಿಶ್ ಮೀಲ್ ಫ್ಯಾಕ್ಟರಿಗೆ ಹೋಗಿ ಪುಡಿಯಾಗತ್ತೆ, ಪುಡಿ ಸಿಗಡಿ ಸಾಕಣೆಗೆ ಆಹಾರ, ಸಾಕಿದ ಸಿಗಡಿ ಹೆಚ್ಚಿನದು ಹಡಗು ಹತ್ತಿ ಅಮೆರಿಕಾ, ಚೀನಾದಂಥ ಹೊರದೇಶಕ್ಕೆ. ಇನ್ನು ನಮ್ಮ ಉತ್ತರ ಕನ್ನಡ ಜಿಲ್ಲೆ ನೋಡಿ, 2011ರ ಜನಗಣತಿಯಲ್ಲಿ ಒಂದು ಚದರ ಕಿಲೋಮೀಟರಿಗೆ 140 ಜನ, ರಾಜ್ಯದ ಸರಾಸರಿ 319. ಇಷ್ಟು ಕಡಿಮೆ ಜನ ಇರೋ ಕರಾವಳಿಯ ಸಮುದ್ರ ಬರಿದಾಗ್ತಿದೆ ಅಂದ್ರೆ ಅದು ಇಲ್ಲಿನವರ ಹೊಟ್ಟೆಯಿಂದ ಮಾತ್ರ ಆಗಿದ್ದಲ್ಲ. ಬಡವರ ಮನೆ ಮಕ್ಕಳ ತಲೆ ಎಣಿಸಿ ಬೈಯೋರಿಗೆ ಇದನ್ನ ಹೇಳ್ಲೇಬೇಕು: ಶ್ರೀಮಂತ ದೇಶದ ಒಬ್ಬ ಮನುಷ್ಯ ಬಡ ದೇಶದವನ ಆರು ಪಟ್ಟು ಕಲ್ಲು, ಕಬ್ಬಿಣ, ಎಣ್ಣೆ, ಬೆಳೆ ಎಲ್ಲ ಬಳಸ್ತಾನೆ ಅಂತ ವಿಶ್ವಸಂಸ್ಥೆಯ ಪರಿಸರ ವಿಭಾಗವೇ ಹೇಳಿದೆ.

ಮರಳಿಂದೂ ಅದೇ ಕಥೆ. ಪ್ರಪಂಚ ವರ್ಷಕ್ಕೆ 5,000 ಕೋಟಿ ಟನ್ ಮರಳು-ಜಲ್ಲಿ ಬಳಸತ್ತೆ. ಘಟ್ಟದಿಂದ ಕಾಳಿ ನದಿ ಹೊತ್ತು ತರ್ಬೇಕಾದ ಮರಳು ಸೂಪಾ, ಕೊಡಸಳ್ಳಿ, ಕದ್ರಾ ಡ್ಯಾಮಲ್ಲೇ ಕೂತಿರತ್ತೆ, ಕೆಳಗೆ ಇದ್ದಿದ್ದನ್ನ ನಾವು ತೆಗೀತೀವಿ.

ಹಿಂದೆ ಇಲ್ಲಿ ರಂಪಣಿ ಬಲೆ ಇತ್ತು, ದಡಕ್ಕೆ ಬಂದ ಮೀನನ್ನ ಊರವರೆಲ್ಲ ಸೇರಿ ಎಳೆದು ಪಾಲು ಹಂಚ್ಕೊಳ್ತಿದ್ರು. ಮೀನಿನ ಗುಂಪನ್ನೇ ದೊಡ್ಡ ಬಲೆಯಿಂದ ಸುತ್ತುಗಟ್ಟಿ ಹಿಡಿಯೋ ಪರ್ಸೀನ್ ಬೋಟ್ ಬಂದ ಮೇಲೆ ಮೀನು ದಡ ಮುಟ್ಟೋ ಮೊದ್ಲೇ ಸಿಕ್ಕಿಬೀಳತ್ತೆ. ಈಗ ಉಳಿದಿರೋ ದೊಡ್ಡ ರಕ್ಷಣೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್ ಮೀನುಗಾರಿಕೆಗೆ ಇರೋ 61 ದಿನದ ನಿಷೇಧ, ಮಳೆಗಾಲದಲ್ಲಿ ಆಳದ ನೀರು ಮೇಲೆ ಬಂದು ಮೀನಿಗೆ ತಿನ್ನೋಕೆ ಸಿಗೋ, ತಾರ್ಲೆ ಮೊಟ್ಟೆ ಇಡೋ ಹೊತ್ತು ಅದು. ಆದ್ರೆ ಆಗಸ್ಟಲ್ಲಿ ಬೋಟ್ ಇಳಿದ ಕೂಡ್ಲೇ ಆ ಮರಿಗಳೇ ಬಲೆಗೆ ಬರ್ತವೆ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ತಾರ್ಲೆ, 14ಕ್ಕಿಂತ ಚಿಕ್ಕ ಬಂಗಡೆ ಹಿಡಿಯೋ ಹಾಗಿಲ್ಲ ಅಂತ ನಿಯಮ ಇದೆ. ನಮ್ಮ ಬಂದರಲ್ಲೂ ರಾಶಿ ಪಕ್ಕ ಅಳತೆಪಟ್ಟಿ ಇಟ್ಟು ನೋಡೋರು ಬೇಕು, ಮರಿ ಮೀನಿಗೆ ಫ್ಯಾಕ್ಟರಿ ಕೊಡೋ ರೇಟ್ ನಿಲ್ಲಬೇಕು, ಅದು ನಿಂತ್ರೆ ಬೋಟಿನವರಿಗೂ ಅದನ್ನ ಹಿಡಿಯೋಕೆ ಡೀಸೆಲ್ ಸುಡೋ ಕಾರಣ ಇರಲ್ಲ.