ಹೊಟ್ಟೆ ಆಪರೇಷನ್ ಮಾಡಿಸಿದರೆ ಶುಗರ್ ಪೂರ್ತಿ ಹೋಗುತ್ತಾ?

ಪ್ರಶ್ನೆ: ನಾವು ಚಳ್ಳಕೆರೆಯವರು. ನಮ್ಮ ಯಜಮಾನರಿಗೆ 48 ವರ್ಷ. ತೂಕ 98 ಕೆ.ಜಿ., ಎತ್ತರ ಐದು ಅಡಿ ಐದು ಇಂಚು. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮಾತ್ರೆ ಸಾಲದೆ ಈಗ ಇನ್ಸುಲಿನ್ ಶುರು ಮಾಡಿದ್ದಾರೆ. ತೂಕ ಇಳಿಸುವ ಆಪರೇಷನ್ ಮಾಡಿಸಿದರೆ ಶುಗರ್ ಪೂರ್ತಿ ಹೋಗುತ್ತೆ ಅಂತಾರೆ, ನಿಜವಾ? ಮನೆಯ ಹಿರಿಯರು ಮಾತ್ರ "ಬಾಯಿ ಕಟ್ಟಿದ್ರೆ ಸಾಕು, ಹೊಟ್ಟೆ ಯಾಕೆ ಕೊಯ್ಸ್ಕೋಬೇಕು" ಅಂತಿದ್ದಾರೆ.

ಉತ್ತರ: ಶುಗರ್ ಚೆನ್ನಾಗಿ ಇಳಿಯುವ ಸಾಧ್ಯತೆ ಜಾಸ್ತಿ. ಆದರೆ ಪೂರ್ತಿ ಹೋಗುತ್ತೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಹಿರಿಯರ ಮಾತಿನಿಂದ ನಿಮ್ಮ ಯಜಮಾನರು ಕುಗ್ಗಬಾರದು. ಇಷ್ಟು ತೂಕ ಬಂದ ಮೇಲೆ ಬಾಯಿ ಕಟ್ಟಿ ಐದಾರು ಕೆ.ಜಿ. ಇಳಿಸಿದರೆ, ದೇಹವೇ ಹಸಿವು ಹೆಚ್ಚಿಸಿ ಅದನ್ನು ಮತ್ತೆ ಏರಿಸಲು ನೋಡುತ್ತದೆ. ಅದು ಅವರ ಸೋಮಾರಿತನ ಅಲ್ಲ.

ಆಪರೇಷನ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನೇ ತೆಗೆದು, ಬಾಳೆಹಣ್ಣಿನಷ್ಟು ಸಣ್ಣ ಚೀಲ ಉಳಿಸುತ್ತಾರೆ. ಹಸಿವು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ತೆಗೆದ ಆ ಭಾಗದಲ್ಲೇ. ಇನ್ನೊಂದು ಬೈಪಾಸ್. ಇದು ಹೃದಯದ ಬೈಪಾಸ್ ಅಲ್ಲ. ಇದರಲ್ಲಿ ಊಟ ಕರುಳಿನ ಮೊದಲ ಭಾಗವನ್ನು ಮುಟ್ಟದೆ ಬೇಗ ಕೆಳಗೆ ಇಳಿಯುತ್ತದೆ. ಆಗ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ, ಅದು ಇನ್ಸುಲಿನ್ ಹೊರಡಿಸುತ್ತದೆ. ಈಗ ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಇಂಜೆಕ್ಷನ್‌ಗಳು ಇದೇ ಹಾರ್ಮೋನಿನ ನಕಲು.

ಅಂದರೆ ಇದು ಬರೀ ಊಟ ಕಮ್ಮಿಯಾಗುವ ಲೆಕ್ಕ ಅಲ್ಲ. ಅಮೆರಿಕದ ಸರ್ಜನ್ ವಾಲ್ಟರ್ ಪೋರೀಸ್ 1995ರಲ್ಲಿ ವರದಿ ಮಾಡಿದ್ದು ಇದನ್ನೇ. ಬೈಪಾಸ್ ಆದ ಕೆಲವೇ ದಿನಗಳಲ್ಲಿ, ತೂಕ ಇನ್ನೂ ಇಳಿಯುವ ಮೊದಲೇ, ಶುಗರ್ ಹತೋಟಿಗೆ ಬರುತ್ತಿತ್ತು.

ಹಾಗಾದರೆ ಪೂರ್ತಿ ಯಾಕೆ ಹೋಗಲ್ಲ? ಸ್ವೀಡನ್‌ನಲ್ಲಿ 1987ರಿಂದ ಬಹಳ ವರ್ಷ ನಡೆದ ಅಧ್ಯಯನವೊಂದನ್ನು ನೋಡಿ. ಆಪರೇಷನ್ ಆದ ಎರಡು ವರ್ಷಕ್ಕೆ, ಶುಗರ್ ಇದ್ದ ನೂರು ಜನರಲ್ಲಿ ಸುಮಾರು 72 ಮಂದಿಯ ಕಾಯಿಲೆ ಶಮನವಾಗಿತ್ತು. 15 ವರ್ಷದ ಹೊತ್ತಿಗೆ ಆ ಸಂಖ್ಯೆ 30ಕ್ಕೆ ಇಳಿಯಿತು. ಆಗಿನ ಆಪರೇಷನ್‌ಗಳು ಬಹುಪಾಲು ಹಳೆಯ ವಿಧಾನದವು, ನಿಜ. ಆದರೂ ಆಪರೇಷನ್ ಇಲ್ಲದವರಲ್ಲಿ 15 ವರ್ಷದ ಹೊತ್ತಿಗೆ ಶಮನವಾಗಿದ್ದು ನೂರಕ್ಕೆ ಆರೇಳು ಮಂದಿಗೆ ಮಾತ್ರ. ಶುಗರ್ ಮರಳಿದರೂ ಮಾಡಿಸಿದ್ದು ಸುಮ್ನೆ ಹೋಗಲ್ಲ. ಆ ಅಧ್ಯಯನದಲ್ಲಿ ಕಣ್ಣು, ಕಿಡ್ನಿ, ನರಗಳಿಗೆ ಆಗುವ ತೊಂದರೆ ಸುಮಾರು ಅರ್ಧಕ್ಕೆ ಇಳಿದಿತ್ತು. ನನ್ನ ಮಟ್ಟಿಗೆ ಮಾತ್ರೆ ಬಿಡುವುದಕ್ಕಿಂತ ದೊಡ್ಡ ಲಾಭ ಇದು.

ಕಾಯಿಲೆ ಹೊಸದಿದ್ದಷ್ಟೂ ಫಲ ಜಾಸ್ತಿ. ನಿಮ್ಮವರದು ಒಂಬತ್ತು ವರ್ಷದ್ದು, ಇನ್ಸುಲಿನ್ ಬೇರೆ ಶುರುವಾಗಿದೆ. ಹಾಗಾಗಿ ಸಿ-ಪೆಪ್ಟೈಡ್ ರಕ್ತ ಪರೀಕ್ಷೆ ಮಾಡಿಸಲು ಡಾಕ್ಟರನ್ನು ಕೇಳಿ. ದೇಹ ಸ್ವಂತ ಇನ್ಸುಲಿನ್ ಇನ್ನೂ ಎಷ್ಟು ಮಾಡುತ್ತಿದೆ ಎಂಬ ಅಂದಾಜು ಅದರಿಂದ ಸಿಗುತ್ತದೆ.

ಅವರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಲೆಕ್ಕ, ಸುಮಾರು 36. ಏಷ್ಯಾದವರಿಗೆ 27.5 ದಾಟಿದರೆ ಆಪರೇಷನ್ ಬಗ್ಗೆ ಯೋಚಿಸಬಹುದು ಅಂತ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆದರೆ ಆರೋಗ್ಯ ವಿಮೆಯ ನಿಯಮ ಬಿಗಿ. ಸಾಮಾನ್ಯವಾಗಿ ಬಿಎಂಐ 40 ಇರಬೇಕು, ಇಲ್ಲವೇ 35ರ ಜೊತೆಗೆ ಹತೋಟಿಗೆ ಬಾರದ ಶುಗರ್‌ನಂಥ ಕಾಯಿಲೆ ಇರಬೇಕು. ಪಾಲಿಸಿಯ ಕಾಯುವ ಅವಧಿ ಮುಗಿದಿದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಆಮೇಲಿನ ಊಟದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಮುದ್ದೆಯನ್ನು ಅಗಿಯಲ್ಲ, ನುಂಗುತ್ತೇವೆ ಅಲ್ವಾ? ಆಪರೇಷನ್ ಆದವರಿಗೆ ಅದು ಆಗದು. ಮೊದಲ ಕೆಲವು ವಾರ ನೀರಾದ, ಆಮೇಲೆ ಮೆತ್ತಗಿನ ಊಟ. ಮುಂದೆಯೂ ಪ್ರತಿ ತುತ್ತನ್ನು ನುಣ್ಣಗೆ ಅಗಿಯಬೇಕು. ಇಲ್ಲವಾದರೆ ಎದೆಯಲ್ಲಿ ಸಿಕ್ಕಿಕೊಂಡಂತಾಗಿ ವಾಂತಿ ಆಗುತ್ತದೆ. ತಟ್ಟೆಯಲ್ಲಿ ಮೊದಲು ಮೊಟ್ಟೆ, ಕಾಳು, ಮೊಸರು. ಆಮೇಲೆ ಮುದ್ದೆ, ಅನ್ನ. ನೀರು ಊಟದ ಜೊತೆ ಬೇಡ. ಬೈಪಾಸ್ ಆದವರು ಹೋಳಿಗೆ, ಪಾಯಸ ತಿಂದರೆ ಬೆವರು, ಎದೆಬಡಿತ, ಭೇದಿ ಬರಬಹುದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಬದುಕಿರುವವರೆಗೂ ಬೇಕು. ಶುಗರ್ ಮಾತ್ರೆ ನಿಂತರೂ ಇವು ನಿಲ್ಲಲ್ಲ.

ಹೊಲಿಗೆ ಸೋರುವುದು, ರಕ್ತಸ್ರಾವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಅಪರೂಪ, ಆದರೆ ಆಗುವುದುಂಟು. ಅದಕ್ಕೇ ಇಂಥ ಆಪರೇಷನ್ ನಿತ್ಯ ಮಾಡುವ ತಂಡವನ್ನೇ ಹುಡುಕಿ.

ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ಇನ್ಸುಲಿನ್‌ನ ಹೊಸ ಅಳತೆಯನ್ನು ಡಾಕ್ಟರಿಂದ ಬರೆಸಿಕೊಳ್ಳಿ. ಹಳೆಯ ಅಳತೆಯಲ್ಲೇ ಚುಚ್ಚಿದರೆ ಶುಗರ್ ತೀರಾ ಇಳಿದು ಪ್ರಜ್ಞೆ ತಪ್ಪಬಹುದು.