ಕೆಲಸದಿಂದ ತೆಗೆದರೆ ಯಾವ ವಕೀಲರ ಬಳಿ ಹೋಗಬೇಕು?

ಪ್ರಶ್ನೆ: ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ ಟೀಮ್ ಲೀಡರ್ ಆಗಿದ್ದೆ. ಏಕಾಏಕಿ ಕೆಲಸದಿಂದ ತೆಗೆದಿದ್ದಾರೆ. ಇಂಥ ಕೇಸು ಬಲ್ಲ ವಕೀಲರನ್ನು ಹುಡುಕುವುದು ಹೇಗೆ?

ಉತ್ತರ: ಕಾನೂನಿನ ಪ್ರಕಾರ ನೀವು ‘ಕಾರ್ಮಿಕ’ರು ಹೌದೋ ಅಲ್ಲವೋ ಎಂಬುದು ಮೊದಲು ತೀರ್ಮಾನವಾಗಬೇಕು. ಹುದ್ದೆಯ ಹೆಸರು ಏನೇ ಇರಲಿ, ದಿನವೂ ಮಾಡುತ್ತಿದ್ದ ಕೆಲಸವೇ ಮುಖ್ಯ. ತಾಂತ್ರಿಕ ಅಥವಾ ಗುಮಾಸ್ತಿಕೆ ಕೆಲಸವಾದರೆ ಸಂಬಳದ ಮಿತಿಯಿಲ್ಲ. ಮೇಲ್ವಿಚಾರಣೆಯೇ ಮುಖ್ಯ ಕೆಲಸವಾಗಿದ್ದು ತಿಂಗಳ ವೇತನ 18,000 ರೂಪಾಯಿ ದಾಟಿದರೆ ಕಾರ್ಮಿಕರಲ್ಲ. ಆಗ ಕಾರ್ಮಿಕ ಕಾನೂನಿನ ದಾರಿ ಮುಚ್ಚಿ, ಸಿವಿಲ್ ಕೋರ್ಟ್ ಮಾತ್ರ ಉಳಿಯುತ್ತದೆ. ಅಲ್ಲಿ ಸಾಮಾನ್ಯವಾಗಿ ಪರಿಹಾರ ಸಿಗಬಹುದೇ ಹೊರತು ಕೆಲಸ ವಾಪಸ್ ಸಿಗುವುದಿಲ್ಲ. ಮೊದಲ ಭೇಟಿಯಲ್ಲೇ ಈ ಪ್ರಶ್ನೆ ಎತ್ತದೆ ‘ನೋಟಿಸ್ ಕಳಿಸೋಣ’ ಎನ್ನುವ ವಕೀಲರಿಗಿಂತ ಬೇರೆಯವರನ್ನು ನೋಡುವುದು ಒಳ್ಳೆಯದು.

ವಕೀಲರು ಜಾಹೀರಾತು ಕೊಡುವಂತಿಲ್ಲ ಎಂಬುದು ಬಾರ್ ಕೌನ್ಸಿಲ್ ನಿಯಮ. ಹಾಗಾಗಿ ಇಂಟರ್ನೆಟ್‌ನ ‘ಟಾಪ್ ಟೆನ್’ ಪಟ್ಟಿಗಳನ್ನು ನಂಬಬೇಡಿ. ಕಾರ್ಮಿಕ ಸಂಘದವರನ್ನು ಕೇಳಿ. ಯಾರಾದರೂ ಹೆಸರು ಹೇಳಿದರೆ ನ್ಯಾಯಾಲಯಗಳ ಕೇಸುಗಳ ವಿವರವಿರುವ ಇ-ಕೋರ್ಟ್ಸ್ ತಾಣದಲ್ಲಿ ವಕೀಲರ ಹೆಸರು ಹಾಕಿ ಹುಡುಕಿ; ಅವರು ಎಂಥ ಕೇಸು ನಡೆಸುತ್ತಾರೆ, ನೌಕರರ ಪರವೋ ಮಾಲೀಕರ ಪರವೋ ಎಂಬ ಅಂದಾಜು ಸಿಗುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು ಮತ್ತು ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಭೇಟಿಗೆ ಹೋಗುವಾಗ ನೇಮಕಾತಿ ಪತ್ರ, ಪೇಸ್ಲಿಪ್, ಪಿಎಫ್ ಪಾಸ್‌ಬುಕ್, ಕೆಲಸದಿಂದ ತೆಗೆದ ಪತ್ರ ಅಥವಾ ಇಮೇಲ್ ಒಯ್ಯಿರಿ. ಯಾವ ದಿನ ಏನಾಯಿತೆಂದು ಒಂದು ಪುಟದಲ್ಲಿ ಬರೆದಿಡಿ. 2025ರ ನವೆಂಬರ್ 21ರಿಂದ ಇಂಥ ವಿವಾದಗಳ ಹೊಸ ಕಾನೂನಾದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ಸಂಧಾನಾಧಿಕಾರಿ (ಎರಡೂ ಕಡೆಯವರ ನಡುವೆ ರಾಜಿ ಮಾಡಿಸುವ ಸರ್ಕಾರಿ ಅಧಿಕಾರಿ) ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಆದ್ದರಿಂದ ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಸಂಧಾನದ ಹಂತದಲ್ಲಿ ನಿಮ್ಮ ಪರ ವಕೀಲರು ವಾದಿಸುವಂತಿಲ್ಲ. ಸಂಘದ ಪದಾಧಿಕಾರಿ ಮಾತಾಡಬಹುದು. ಅರ್ಜಿಯನ್ನು ಮಾತ್ರ ವಕೀಲರಿಂದ ಬರೆಸಿಕೊಳ್ಳಿ.

ವಕೀಲರ ಶುಲ್ಕ ಕೇಸಿನ ಪ್ರತಿ ಹಂತಕ್ಕೆ ಎಷ್ಟು, ಟೈಪಿಂಗ್ ಮತ್ತಿತರ ಖರ್ಚು ಸೇರಿದೆಯೇ ಎಂದು ಬರಹದಲ್ಲಿ ಕೇಳಿ. ‘ಗೆದ್ದರೆ ಬಂದ ಹಣದಲ್ಲಿ ಇಷ್ಟು ಪಾಲು’ ಎಂಬ ಒಪ್ಪಂದಕ್ಕೆ ನಿಯಮದಲ್ಲಿ ಅವಕಾಶವೇ ಇಲ್ಲ. ವಕಾಲತ್ತಿಗೆ (ನಿಮ್ಮ ಪರ ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರ) ಸಹಿ ಹಾಕಿ, ಖಾಲಿ ಹಾಳೆಗೆ ಬೇಡ. ಕಂಪನಿ ಕೊಡುವ ‘ಫುಲ್ ಅಂಡ್ ಫೈನಲ್’ (ಅಂತಿಮ ಲೆಕ್ಕ ಚುಕ್ತಾ) ಪತ್ರವನ್ನೂ ವಕೀಲರು ಓದುವವರೆಗೆ ಸಹಿ ಮಾಡದೆ ಇಟ್ಟುಕೊಳ್ಳಿ. ‘ಇನ್ನು ಯಾವ ಬಾಕಿಯೂ ಇಲ್ಲ, ಸ್ವಇಚ್ಛೆಯಿಂದ ಬಿಟ್ಟಿದ್ದೇನೆ’ ಎಂಬ ಸಾಲು ಅದರಲ್ಲಿದ್ದರೆ ಕಂಪನಿ ಮುಂದೆ ಅದನ್ನೇ ನಿಮ್ಮ ವಿರುದ್ಧ ಹಾಜರುಪಡಿಸುತ್ತದೆ.