ಹೆಚ್ಚಾಗಬೇಕಿದ್ದ ವೈದ್ಯರು ಎಲ್ಲಿ ಹೋದರು?

1980ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರದ ಕೈಗೊಂದು ವರದಿ ಬಂತು. 1976ರಲ್ಲಿ ನೇಮಕವಾಗಿದ್ದ ಸಲಹಾ ಸಮಿತಿ ಲೆಕ್ಕ ಹಾಕಿ ಹೇಳಿದ್ದಿಷ್ಟು: 1990ರ ಹೊತ್ತಿಗೆ 70,000, 2000ದ ಹೊತ್ತಿಗೆ 1,45,000 ವೈದ್ಯರು ದೇಶಕ್ಕೆ ಬೇಕಾದ್ದಕ್ಕಿಂತ ಹೆಚ್ಚಾಗುತ್ತಾರೆ. ಕಾಲೇಜುಗಳು ಕೈ ಬಿಗಿಹಿಡಿದವು. ಸುಮಾರು ಎರಡು ದಶಕ ಹೊಸ ಎಂ.ಡಿ. (ಅಲ್ಲಿ ಅದು ವೈದ್ಯರ ಮೊದಲ ಪದವಿ) ಕಾಲೇಜೇ ಬರಲಿಲ್ಲ. 2000 ಇಸವಿಯೂ ಬಂತು, ರೋಗಿಗಳಿಲ್ಲದೆ ಕೈಕಟ್ಟಿ ಕೂತ ವೈದ್ಯರ ದಂಡು ಮಾತ್ರ ಎಲ್ಲೂ ಕಾಣಲಿಲ್ಲ. 2005ರಲ್ಲಿ ಸರ್ಕಾರದ ಇನ್ನೊಂದು ಸಲಹಾ ಮಂಡಳಿ 2020ಕ್ಕೆ 85,000 ವೈದ್ಯರ ಕೊರತೆ ಬೀಳುತ್ತದೆ ಎಂದಿತು.

ಮೊದಲ ಸಮಿತಿಯವರು ದಡ್ಡರೇನಲ್ಲ. ಅವರ ವಿಧಾನ ಇವತ್ತಿಗೂ ಮೆಚ್ಚುವಂಥದ್ದು. ಒಂದೊಂದು ವೈದ್ಯಕೀಯ ವಿಭಾಗಕ್ಕೂ ತಜ್ಞರ ತಂಡ ಕೂರಿಸಿ, ಯಾವ ಕಾಯಿಲೆ ಎಷ್ಟು ಜನಕ್ಕೆ ಬರುತ್ತದೆ, ಅವರಲ್ಲಿ ಎಷ್ಟು ಮಂದಿ ವೈದ್ಯರನ್ನು ನೋಡಬೇಕು, ಎಷ್ಟು ಸಲ ನೋಡಬೇಕು ಎಂದು ಕೇಳಿ, ಬಂದ ಉತ್ತರಗಳನ್ನು ಕೂಡಿ ವೈದ್ಯರ ಸಂಖ್ಯೆ ತೆಗೆದರು. ತೊಂದರೆ ಆದದ್ದು ಆ ಪ್ರಶ್ನೆಗಳು 1980ರ ವೈದ್ಯಕೀಯದ ಮೇಲೆ ನಿಂತಿದ್ದರಿಂದ. ಹೃದಯದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸುವ ಆಂಜಿಯೋಪ್ಲಾಸ್ಟಿ ಮನುಷ್ಯರ ಮೇಲೆ ಮೊದಲು ನಡೆದದ್ದು 1977ರಲ್ಲಿ. ಮುಂದೆ ಅದು ಎಷ್ಟು ಹೃದ್ರೋಗ ತಜ್ಞರ ದಿನಗಳನ್ನು ನುಂಗುತ್ತದೆ ಎಂದು ಆಗ ಯಾರು ಹೇಳಬಲ್ಲವರಾಗಿದ್ದರು? ಜನಸಂಖ್ಯೆಯೂ ಅಂದುಕೊಂಡದ್ದಕ್ಕಿಂತ ಹೆಚ್ಚು ಬೆಳೆಯಿತು.

ಇನ್ನೊಂದು ಸಂಗತಿ ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾವಿರ ವೈದ್ಯರು ವಾರಕ್ಕೆ 60 ಗಂಟೆ ದುಡಿಯುತ್ತಿದ್ದರು ಎನ್ನಿ. ಅವರು 50 ಗಂಟೆಗೆ ಇಳಿದರೆ ಅಷ್ಟೇ ಕೆಲಸಕ್ಕೆ 1,200 ಜನ ಬೇಕು. ರಿಜಿಸ್ಟರಿನಲ್ಲಿ ಒಂದು ಹೆಸರೂ ಕಡಿಮೆಯಾಗಿರುವುದಿಲ್ಲ, ಆದರೂ ಕೊರತೆ. ಅಮೆರಿಕದಲ್ಲಿ 1996ರಿಂದ 2008ರ ನಡುವೆ ವೈದ್ಯರ ಸರಾಸರಿ ವಾರದ ದುಡಿಮೆ ಸುಮಾರು 55 ಗಂಟೆಯಿಂದ 51ಕ್ಕೆ ಇಳಿಯಿತು. ಇದನ್ನು ಸೋಮಾರಿತನ ಎನ್ನುವವರಿದ್ದಾರೆ. ನಿದ್ದೆಗೆಟ್ಟ ಡಾಕ್ಟರಿಂದ ಆಪರೇಷನ್ ಮಾಡಿಸಿಕೊಳ್ಳಲು ಅವರು ಸಿದ್ಧರಿದ್ದಾರೆಯೇ ಎಂದು ಕೇಳಬೇಕು.

ತಪ್ಪನ್ನು ಬೇಗ ತಿದ್ದಿಕೊಳ್ಳಲೂ ಆಗುವುದಿಲ್ಲ. ಈ ವರ್ಷ ಟೊಮೆಟೊಗೆ ಬೆಲೆ ಬಂತೆಂದು ಎಲ್ಲರೂ ಟೊಮೆಟೊ ಹಾಕಿ, ಮುಂದಿನ ಬೆಳೆಗೆ ರಸ್ತೆಗೆ ಸುರಿಯುವುದನ್ನು ನೋಡಿದ್ದೇವೆ. ಟೊಮೆಟೊಗಾದರೆ ಮೂರು ತಿಂಗಳು. ಅಮೆರಿಕದಲ್ಲಿ ಪಿಯುಸಿ ವಯಸ್ಸಿನ ಹುಡುಗಿ ಡಾಕ್ಟರಾಗಬೇಕೆಂದು ಹೊರಟರೆ ಪದವಿ ನಾಲ್ಕು ವರ್ಷ, ವೈದ್ಯಕೀಯ ನಾಲ್ಕು, ಮೇಲೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯುವ ರೆಸಿಡೆನ್ಸಿ ತರಬೇತಿ ಮೂರರಿಂದ ಏಳು ವರ್ಷ.

ಕಾಲೇಜಿನ ಸೀಟಿಗಿಂತ ಬಿಗಿಯಾದ ಗಂಟು ಈ ರೆಸಿಡೆನ್ಸಿಯಲ್ಲೇ ಇದೆ. ಅದಿಲ್ಲದೆ ಡಿಗ್ರಿ ಇದ್ದರೂ ಪ್ರಾಕ್ಟೀಸ್ ಇಲ್ಲ. ಅದರ ಖರ್ಚಿನ ದೊಡ್ಡ ಪಾಲು ಹೊರುವುದು ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್. ವೈದ್ಯರು ಹೆಚ್ಚಾಗುತ್ತಾರೆಂಬ ಭಯ ಇನ್ನೂ ಹೋಗಿರದ 1997ರಲ್ಲಿ ಸಂಸತ್ತು ಈ ಹಣದಿಂದ ನಡೆಯುವ ರೆಸಿಡೆನ್ಸಿ ಹುದ್ದೆಗಳನ್ನು 1996ರ ಸಂಖ್ಯೆಗೆ ಕಟ್ಟಿಹಾಕಿತು. 2006ರಲ್ಲಿ ವೈದ್ಯಕೀಯ ಕಾಲೇಜುಗಳ ಸಂಘ ಪ್ರವೇಶವನ್ನು ಶೇ. 30ರಷ್ಟು ಹೆಚ್ಚಿಸಿ ಎಂದು ಕರೆ ಕೊಟ್ಟು, ಸೀಟುಗಳೇನೋ ಏರಿದವು. ಮಿತಿ ಸಡಿಲಿಸಿ 1,000 ಹೊಸ ಹುದ್ದೆ ಕೊಡಲು ಮಾತ್ರ 2020ರ ಡಿಸೆಂಬರ್ ಬರಬೇಕಾಯಿತು. ಲೆಕ್ಕ ಸುಳ್ಳಾದರೂ ಅದರ ಮೇಲೆ ಕಟ್ಟಿದ ಕಾನೂನು ಉಳಿದುಬಿಡುತ್ತದೆ.

ಅದೇ ಸಂಘ 2024ರಲ್ಲಿ ಹೇಳಿದ್ದು: 2036ಕ್ಕೆ ಕೊರತೆ 13,500ರಿಂದ 86,000ದವರೆಗೆ. ಪತ್ರಿಕೆಗಳು ದೊಡ್ಡ ಸಂಖ್ಯೆಯನ್ನೇ ಹಿಡಿದುಕೊಂಡವು. ನನಗೆ ಮುಖ್ಯವಾಗಿ ಕಂಡದ್ದು ಎರಡರ ನಡುವಿನ ಅಂತರ. ಹಳೆಯ ಸಮಿತಿ ಹೀಗೆ ಹಿಂದೆಮುಂದೆ ನೋಡಿರಲಿಲ್ಲ.

ಹಳ್ಳಿಗಳ ಕೊರತೆಗಂತೂ ಒಟ್ಟು ಸಂಖ್ಯೆ ಉತ್ತರವೇ ಅಲ್ಲ, ಅಲ್ಲಿ ಉಪಯೋಗಕ್ಕೆ ಬಂದದ್ದು ವೀಸಾ. ಜೆ-1 ವೀಸಾದಲ್ಲಿ ರೆಸಿಡೆನ್ಸಿ ಮುಗಿಸಿದ ವಿದೇಶಿ ವೈದ್ಯರು ಎರಡು ವರ್ಷ ಸ್ವದೇಶಕ್ಕೆ ಮರಳಬೇಕು. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿದರೆ ಅದಕ್ಕೆ ವಿನಾಯಿತಿ. ಒಂದೊಂದು ರಾಜ್ಯಕ್ಕೂ ವರ್ಷಕ್ಕೆ 30 ಮಂದಿ. ಇತ್ತ ಕರ್ನಾಟಕದಲ್ಲಿ ಒಂದೇ ವರ್ಷದ ಕಡ್ಡಾಯ ಸೇವೆಯ ಕಾಯ್ದೆಯ ವಿರುದ್ಧ ವಿದ್ಯಾರ್ಥಿಗಳು ಹೈಕೋರ್ಟಿಗೆ ಹೋದರು. ಅಮೆರಿಕದಲ್ಲಿ ವಿದೇಶಿ ವೈದ್ಯರು ಮೂರು ವರ್ಷಕ್ಕೆ ಅರ್ಜಿ ಹಾಕಿಕೊಂಡು ಹೋಗುತ್ತಾರೆ, ಏಕೆಂದರೆ ಮೂರು ವರ್ಷದ ಆಚೆಗೆ ಅಲ್ಲೇ ನೆಲೆಸುವ ದಾರಿ ಇದೆ.